ಕೊಟ್ಟವರ ಕಾಲಂ

ಜನವರಿ 11, ಬೆಳಿಗ್ಗೆ 6.10

ನೂರಾ ನಲವತ್ತೆರಡನೇ ಫೋಟೋ. ಕಪ್ಪು ಕಲ್ಲು, ಮರದ ಹಿಡಿ, ತೆಂಗಿನ ನಾರಿನ ಹುರಿ ಸುತ್ತಿ ಬಿಗಿದದ್ದು. ಹುರಿಯ ತುದಿ ಒಂದು ಕಡೆ ಬಿಚ್ಚಿಕೊಂಡಿದೆ. ಸ್ಥಳ: ಟಹೀಟಿ. ಕಾಲ: 1770ರ ದಶಕ. ಸಂಗ್ರಹಿಸಿದವರು: ಹಡಗಿನ ಒಬ್ಬ ಅಧಿಕಾರಿ, ಪೂರ್ತಿ ಹೆಸರು, ಹುದ್ದೆ ಸಮೇತ. ಕೊಟ್ಟವರು: ಖಾಲಿ. ನೂರಾ ನಲವತ್ತೆರಡು ಕಲ್ಲಿಗೂ ಆ ಕಾಲಂ ಖಾಲಿ.

ಮೂರು ವರ್ಷದಿಂದ ಇದೇ ಬೆಳಗು. ಯುರೋಪಿನ ಉತ್ತರದ ತುದಿಯ ಒಂದು ಮ್ಯೂಸಿಯಂ ಪಾಲಿನೇಷ್ಯಾದ ಕಲ್ಲಿನ ಉಪಕರಣಗಳ ಫೋಟೋ ಇಂಟರ್‌ನೆಟ್ಟಿಗೆ ಹಾಕಿ, ಆಸಕ್ತರು ವಿವರ ಬರೆಯಿರಿ ಎಂದಿತ್ತು. ಸಂಬಳವಿಲ್ಲ. ಒಂದು ಕಲ್ಲಿಗೆ ‘ಕೊಡಲಿ’ ಎಂದು ಬರೆದಿದ್ದರು. ಬಾಯಿ ಹಿಡಿಗೆ ಅಡ್ಡವಾಗಿದೆ, ಇದು ಕೊಡಲಿಯಲ್ಲ, ನಮ್ಮ ಬಡಗಿಗಳ ಬಾಚಿ, ಇದರಲ್ಲಿ ದೋಣಿ ಕೆತ್ತುತ್ತಾರೆ ಎಂದು ಬರೆದೆ. ಮರುದಿನವೇ ಅಲ್ಲಿಯ ಕ್ಯುರೇಟರ್ ಎಲ್ಸಾಳಿಂದ ಮೇಲ್. ಅವತ್ತಿನಿಂದ ನಾನು ‘ಮೈ ಡಿಯರ್ ಶಿಲ್ಪಾ’.

ಇಲ್ಲಿ ಶಿರಸಿಯ ಕಾಲೇಜಿನಲ್ಲಿ ‘ಕಲ್ಲು ಮೇಡಂ’. ಹೆಸರಿಟ್ಟವರು ನಮ್ಮದೇ ಇತಿಹಾಸ ವಿಭಾಗದ ಮಧುಕೇಶ್ವರ ಸರ್. ಅವರು ಪರ್ಮನೆಂಟ್. ನಾನು ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ದೇವರಿಗೆ ಸಮಾನವಂತೆ. ದೇವರಿಗಾದರೂ ಒಂದು ಪೀಠ ಇರುತ್ತದೆ. ಸ್ಟಾಫ್ ರೂಮಿನಲ್ಲಿ ನನಗೊಂದು ಕುರ್ಚಿ ಇಲ್ಲ.

ಅವ್ವ ಬಾಗಿಲಲ್ಲಿ ನಿಂತು — “ಹೊತ್ತು ಹುಟ್ಟೂದ್ರೊಳಗ ಮತ್ತ ಕಲ್ ನೋಡಾಕತ್ತಿ? ಚಾ ಆರಿ ನೀರಾಗೇತಿ.”

ಹೌದು, ಆರಿದೆ.

ಜನವರಿ 19

ಎಲ್ಸಾಳ ಮೇಲ್. ಮೂರು ತಿಂಗಳ ಫೆಲೋಶಿಪ್ ಇದೆ, ಅರ್ಜಿ ಹಾಕು ಎಂದಿದ್ದಾಳೆ. ಷರತ್ತು ಒಂದೇ — ಹೊಸ ವಿಷಯ ಬೇಕು. “ಕಲ್ಲಿನ ಆಯುಧ ನಿಮ್ಮ ಕಡೆ ಈಗಲೂ ಜನರ ಕೈಯಲ್ಲಿ ಓಡಾಡುತ್ತಿದ್ದರೆ, ನಮ್ಮ ಸಂಗ್ರಹದ ಜೊತೆ ಹೋಲಿಸಿ ಒಂದು ಲೇಖನ ಬರಿ. ಅದು ನಿನ್ನನ್ನು ಇಲ್ಲಿಗೆ ಕರೆತರುತ್ತದೆ.”

ಮೂರು ಸಲ ಓದಿದೆ. ಮೂರು ವರ್ಷದಿಂದ ಅಳತೆ, ಬಣ್ಣ, ಹುರಿಯ ಸುತ್ತು, ಎಲ್ಲ ಬರೆದಿದ್ದೇನೆ. ಒಂದನ್ನೂ ಮುಟ್ಟಿಲ್ಲ. ಎಷ್ಟು ಭಾರ ಇರಬಹುದು ಎಂದು ಸಾಂಬಾರಿನ ಗುಂಡುಕಲ್ಲು ಕೈಯಲ್ಲಿ ಹಿಡಿದು ನೋಡಿದ್ದುಂಟು. ಇಂಥದ್ದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ.

ಒಂದೇ ಒಂದು ಸಲ ಆ ನೂರಾ ನಲವತ್ತೆರಡನೆಯದನ್ನು ಕೈಯಲ್ಲಿ ಹಿಡಿಯಬೇಕು. ಬೇರೇನೂ ಬೇಡ ನನಗೆ.

ಬಿ.ಎ. ಎರಡನೇ ವರ್ಷದ ಹುಡುಗಿ ಅಭಿಜ್ಞಾ ಒಮ್ಮೆ ಹೇಳಿದ್ದು ನೆನಪಾಯಿತು. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಕಡೆ ಒಂದು ಮನೆಯಲ್ಲಿ ‘ಸಿಡಿಲಿನ ಕಲ್ಲು’ ಇದೆ, ದನ ಈಯಲು ಕಷ್ಟಪಟ್ಟರೆ ಅದನ್ನು ತೊಳೆದ ನೀರು ಕುಡಿಸುತ್ತಾರೆ ಎಂದಿದ್ದಳು. ಸಿಡಿಲೂ ಅಲ್ಲ ಗುಡುಗೂ ಅಲ್ಲ. ಮೂರು ಸಾವಿರ ವರ್ಷದ ಹಿಂದಿನ ಕಲ್ಲಿನ ಕೊಡಲಿಯೇ ಇರಬೇಕು.

ಜನವರಿ 26, ಸಂಜೆ

ಧ್ವಜ ಹಾರಿಸಿ, ಬೂಂದಿ ತಿಂದು, ಬಸ್ ಹತ್ತಿದೆ. ಇಳಿದ ಮೇಲೆ ಒಂದೂವರೆ ಗಂಟೆ ನಡಿಗೆ.

ಮನೆಯವನ ಹೆಸರು ಬೈರ. ಅರವತ್ತು ಇರಬಹುದು. ಹಿಂದೆ ಊರೂರು ತಿರುಗಿ, ನುಣುಪಾದ ರುಬ್ಬುವ ಕಲ್ಲುಗಳನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುತ್ತಿದ್ದನಂತೆ. ಮಿಕ್ಸಿ ಬಂದಮೇಲೆ ಆ ಕೆಲಸ ಹೋಯಿತು. ಈಗ ಮನೆ ಕಟ್ಟುವ ಚಿರೆಕಲ್ಲು ಕಡಿಯುತ್ತಾನೆ. ಹೆಂಡತಿ ಗುತ್ಯಮ್ಮ.

ಕಲ್ಲು ತೋರಿಸಿದರು. ಅಂಗೈ ಅಗಲದ ಕರಿಕಲ್ಲು, ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ಬಾಯಿ ಸಣ್ಣಗೆ ಸವೆದು ಒಂದು ಕಡೆ ಮುಕ್ಕಾಗಿದೆ. ಅಪ್ಪಟ. ಪುಸ್ತಕದಲ್ಲಿ ಚಿತ್ರ ಹಾಕಬೇಕು, ಹಾಗಿದೆ.

“ಕೊಡ್ತೀರಾ ಬೈರಣ್ಣ? ಓದಿಗೆ ಬೇಕು” ಎಂದೆ.

“ಅದು ಊರಿಂದು ಅಮ್ಮಾ. ನಮ್ಮನೇಲಿ ಇಟ್ಟಾರೆ ಅಷ್ಟೇಯ. ಕೊಡಕ್ಕೆ ಬರದಿಲ್ಲ.”

ಗುತ್ಯಮ್ಮ ಬೆಲ್ಲ ನೀರು ಕೊಟ್ಟಳು. ಮನೆಯಲ್ಲಿ ಯಾರ್ಯಾರು, ಮಕ್ಕಳೆಷ್ಟು, ಯಜಮಾನರು ಎಲ್ಲಿ... ವಿಚಾರಣೆ. ಮಕ್ಕಳಿಲ್ಲ, ಯಜಮಾನರು ಹುಬ್ಬಳ್ಳಿಯಲ್ಲಿ ಬೇರೆ ಯಜಮಾನಿಕೆ ನಡೆಸುತ್ತಿದ್ದಾರೆ, ಒಂಬತ್ತು ವರ್ಷವಾಯಿತು ಎಂದೆ. ಈ ಹೆಂಗಸರಿಗೆ ಬೇರೆ ಕೆಲಸವಿಲ್ಲ.

ಫೆಬ್ರವರಿ 9

ಮೂರನೇ ಸಲ ಹೋಗಿ ಬಂದೆ. ಇಲ್ಲವೇ ಇಲ್ಲ ಎನ್ನುತ್ತಾನೆ. ಗುತ್ಯಮ್ಮ ಕಲ್ಲು ತೊಳೆದ ನೀರನ್ನು ನನಗೂ ಒಂದು ಲೋಟ ಕೊಟ್ಟಳು. ದನದ ಸಾಲಿಗೆ ಸೇರಿದೆ ಅಂದುಕೊಂಡು ಕುಡಿದೆ. ಕಲ್ಲು ಕೈಗೆ ಬರುವುದಾದರೆ ಏನಾದರೂ ಕುಡಿಯಬಹುದು.

ಫೆಬ್ರವರಿ 16

ಟಹೀಟಿಗೆ ಬಂದ ಹಡಗಿನವರು ಹೇಗೆ ಮಾಡುತ್ತಿದ್ದರು? ಕಬ್ಬಿಣದ ಮೊಳೆ ಕೊಟ್ಟು ಕಲ್ಲು ತೆಗೆದುಕೊಳ್ಳುತ್ತಿದ್ದರು. ಆ ದ್ವೀಪಗಳಲ್ಲಿ ಕಬ್ಬಿಣ ಇರಲಿಲ್ಲ. ಒಂದು ಮೊಳೆಗೆ, ಒಂದು ಸಣ್ಣ ಕೊಡಲಿಗೆ ಜನ ಮುಗಿಬೀಳುತ್ತಿದ್ದರಂತೆ. ತಿಂಗಳುಗಟ್ಟಲೆ ಉಜ್ಜಿ ಮಾಡಿದ ಬಾಚಿಯನ್ನು ಒಂದು ಮೊಳೆಗೆ ಕೊಟ್ಟುಬಿಡುವುದು! ಓದುವಾಗ ಎಷ್ಟು ಸಲ ಸಿಟ್ಟು ಬಂದಿದೆ.

ಇವತ್ತು ಬೈರನ ಅಂಗಳದಲ್ಲಿ ಕೂತು ಕೇಳಿದೆ — ಚಿರೆಕಲ್ಲು ಕಡಿಯಲು ಮಷಿನ್ ಇಲ್ಲವಾ? ಅವನ ಕಣ್ಣು ಅರಳಿತು. ಪಕ್ಕದ ಊರಿನವರ ಹತ್ತಿರ ಇದೆಯಂತೆ, ಕೈಯಲ್ಲಿ ಹಿಡಿಯುವ ಗ್ರೈಂಡರ್.

ನಾಚಿಕೆ ಆಯಿತೇ? ಆಯಿತು. ಬಸ್‌ಸ್ಟ್ಯಾಂಡ್ ಬರುವ ತನಕ.

ಫೆಬ್ರವರಿ 23

ಐದನೇ ಸಲ. ಹೊಸ ಗ್ರೈಂಡರ್, ಕಲ್ಲು ಕೊಯ್ಯುವ ನಾಲ್ಕು ಡಿಸ್ಕ್, ಶಿರಸಿಯ ಹಾರ್ಡ್‌ವೇರ್ ಅಂಗಡಿಯಿಂದ. ಜಗಲಿಯ ಮೇಲಿಟ್ಟೆ. ಕಲ್ಲಿನ ವಿಷಯ ಎತ್ತಲೇ ಇಲ್ಲ. ಜಾಣೆ.

ಗಂಡಹೆಂಡತಿ ಒಳಗೆ ಹೋಗಿ ತುಂಬ ಹೊತ್ತು ಗುಸುಗುಸು ಮಾಡಿದರು. ಬೈರ ಹೊರಗೆ ಬಂದು, “ಹದಿನೈದು ದಿನ ಬಿಟ್ಟು ಬನ್ನಿ ಅಮ್ಮಾ. ಏನಾದ್ರೂ ಮಾಡನ” ಎಂದ.

ದೇವರ ಅಪ್ಪಣೆ ಕೇಳುತ್ತಾನೆ ಅಂತ ಕಾಣುತ್ತದೆ. ದೇವರಿಗೂ ಮಷಿನ್ ಇಷ್ಟವಾದೀತು.

ಮಾರ್ಚ್ 9

ಸಿಕ್ಕಿತು!

ಗುತ್ಯಮ್ಮ ನನ್ನನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಕಲ್ಲಿಗೆ ಅರಿಶಿನ ಕುಂಕುಮ, ಹೊಸ ಕೆಂಪು ರವಿಕೆ ಕಣದಲ್ಲಿ ಸುತ್ತಿದ್ದಾಳೆ. ಅಕ್ಕಿ, ತೆಂಗಿನಕಾಯಿ ಜೊತೆ ಉಡಿ ತುಂಬಿದಳು. ಚೂಡಿದಾರ ಹಾಕಿದವಳಿಗೆ ಎಲ್ಲಿಯ ಉಡಿ, ದುಪಟ್ಟಾ ಚಾಚಿದೆ. ಅವಳ ಕಣ್ಣಲ್ಲಿ ನೀರು. ಕಲ್ಲು ಬಿಟ್ಟುಕೊಡುವ ಸಂಕಟ ಇರಬೇಕು. ಬಸ್ ತಪ್ಪೀತು ಎಂದು ನನಗೆ ಗಡಿಬಿಡಿ.

ಮನೆಗೆ ಬಂದು ಬಿಚ್ಚಿದೆ. ಅವ್ವ ಕಣ ನೋಡಿದಳು, ಅಕ್ಕಿ ನೋಡಿದಳು, ನನ್ನ ಮುಖ ನೋಡಿದಳು. ಕಲ್ಲನ್ನು ದೇವರ ಮುಂದಿಟ್ಟಳು. ತೆಗೆದು ಟೇಬಲ್ ಮೇಲೆ ಸ್ಕೇಲ್ ಪಕ್ಕ ಇಟ್ಟು ಫೋಟೋ ಹೊಡೆದೆ.

ಹಳೆಯ ವಸ್ತು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ, ಕಾನೂನು. ಬರೆದು ಮುಗಿದ ಮೇಲೆ ಕಲ್ಲು ಕಾಲೇಜಿನ ಕಪಾಟಿನಲ್ಲಿ ಇರುತ್ತದೆ. ಹೋಗುವುದು ಲೇಖನ. ಲೇಖನದ ಹಿಂದೆ ನಾನು.

ಮಾರ್ಚ್ 27

ಫೋಟೋ ಕಳಿಸಿದ್ದೆ. ಎಲ್ಸಾ ಕುಣಿದಾಡಿದ್ದಾಳೆ. ಲೇಖನದ ಕರಡು ಮುಕ್ಕಾಲು ಮುಗಿಯಿತು. ಚೆನ್ನಾಗಿದೆ. ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರು ಹೇಳುತ್ತಾರೆ.

ಬರೆದದ್ದು ಇಷ್ಟು. ನೆಲದಲ್ಲಿ ಸಿಗುವ ಕಲ್ಲುಗಳಿಗೆ ಹಿಡಿ ಇಲ್ಲ, ಹುರಿ ಇಲ್ಲ. ಮಣ್ಣು ತಿಂದು ಹಾಕಿದೆ. ಮೊದಲ ಹಡಗಿನವರು ಕೆಲಸ ಮಾಡುತ್ತಿದ್ದವರ ಕೈಯಿಂದಲೇ ತೆಗೆದುಕೊಂಡ ಬಾಚಿಗಳಲ್ಲಿ ಹಿಡಿ, ಹುರಿ, ಸವೆದ ಬಾಯಿ, ಎಲ್ಲ ಹಾಗೇ ಉಳಿದಿವೆ. ಅದಾಗಿ ಕೆಲವೇ ವರ್ಷಗಳಲ್ಲಿ ಕಬ್ಬಿಣ ಬಂತು, ಕಲ್ಲು ಮೂಲೆಗೆ ಬಿತ್ತು. ಆದ್ದರಿಂದ ಆ ಮೊದಲ ಕಲ್ಲುಗಳಿಗೆ ಅಷ್ಟು ಬೆಲೆ. ಒಂದು ಇಡೀ ಕಸುಬಿನ ಕೊನೆಯ ಸಾಕ್ಷಿ ಅವು.

ಆಮೇಲೆ ಬಂದವರಿಗೆ ಸಿಕ್ಕಿದ್ದು? ಬಂದವರು ಕಲ್ಲು ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಜನ ಬಂದವರಿಗಾಗಿಯೇ ಕಲ್ಲು ಮಾಡತೊಡಗಿದರು. ಕಬ್ಬಿಣದ ಉಳಿಯಿಂದಲೇ ಹಿಡಿಗೆ ಕೆತ್ತನೆ! ಸಾಹೇಬರು ಪುರಾತನ ವಸ್ತು ಎಂದು ಬಟ್ಟೆಯಲ್ಲಿ ಸುತ್ತಿ ಒಯ್ದರು. ಈ ಪ್ಯಾರಾ ಬರೆಯುವಾಗ ಬಹಳ ನಗು ಬಂತು.

ಏಪ್ರಿಲ್ 3, ಮಧ್ಯಾಹ್ನ

ಕೊನೆಯ ಪ್ಯಾರಾ: “ಬಂದವರಿಗಾಗಿ ಮಾಡಿದ ಕಲ್ಲನ್ನು ಗುರುತಿಸುವುದು ಸುಲಭ. ಅದರ ಬಾಯಿ ಎಂದೂ ಮರ ಮುಟ್ಟಿರುವುದಿಲ್ಲ. ಸವೆತವಿಲ್ಲ, ಮುಕ್ಕಿಲ್ಲ.”

ಬರೆದು ಫುಲ್‌ಸ್ಟಾಪ್ ಇಟ್ಟೆ. ಟೇಬಲ್ ಮೇಲೆ ಕಲ್ಲು ಇತ್ತು.

ಮುಕ್ಕು ಎಲ್ಲಿ?

ಜನವರಿಯಲ್ಲಿ ನೋಡಿದಾಗ ಒಂದು ಕಡೆ ಮುಕ್ಕಾಗಿತ್ತು. ಈ ಡೈರಿಯಲ್ಲೇ ಬರೆದಿದ್ದೇನೆ. ಈ ಬಾಯಿ ನೆಟ್ಟಗಿದೆ.

ಭೂತಗನ್ನಡಿ ತಂದೆ. ಹಿಂಭಾಗದಲ್ಲಿ, ಉಜ್ಜಲು ಮರೆತ ಜಾಗದಲ್ಲಿ, ಬಿಲ್ಲಿನ ಹಾಗೆ ಬಾಗಿದ ಗೀರುಗಳು. ಒಂದರ ಪಕ್ಕ ಒಂದು. ಒಂದೇ ಅಳತೆ.

ಡಿಸ್ಕಿನ ಗೀರು. ನಾನೇ ಕೊಂಡುಕೊಟ್ಟ ಡಿಸ್ಕು.

ಏಪ್ರಿಲ್ 4

ನಿಲ್ಕುಂದಕ್ಕೆ ಹೋಗಿ ಕೂಗಾಡಿ ಬಂದೆ. ಬೈರ ಅಲ್ಲಗಳೆಯಲೂ ಇಲ್ಲ. “ಹೌದು ಅಮ್ಮಾ, ನಾನೇ ಮಾಡಿದ್ದು” ಎಂದ, ಮಳೆ ಬರ್ತದೆ ಎನ್ನುವ ಹಾಗೆ. ಗುತ್ಯಮ್ಮ ಏನೋ ಹೇಳಲು ಬಂದಳು. ಕೇಳಲಿಲ್ಲ. ಮೋಸಗಾರರು ಎಂದೆ. ಇನ್ನೂ ಏನೇನೋ ಎಂದೆ.



ಏಪ್ರಿಲ್ 10

ಎಲ್ಸಾ ಕಲ್ಲಿನ ಬಾಯಿಯ ಕ್ಲೋಸಪ್ ಫೋಟೋ ಕೇಳಿದ್ದಾಳೆ. ಆರು ದಿನ ತಳ್ಳಿದೆ. ಇವತ್ತು ಎಲ್ಲ ಬರೆದು ಕಳಿಸಿಬಿಟ್ಟೆ. ಕಲ್ಲು ಹೊಸದು, ಗ್ರೈಂಡರ್ ನಾನೇ ಕೊಟ್ಟದ್ದು, ಲೇಖನ ಇನ್ನು ಕಳಿಸುವುದಿಲ್ಲ. ಪ್ರಾಮಾಣಿಕತೆ ಎಂದು ಅವಳು ತಿಳಿದಾಳು. ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ತಾಕತ್ತಿರಲಿಲ್ಲ, ಅಷ್ಟೇ.

ಏಪ್ರಿಲ್ 12

ಉತ್ತರ ಬಂತು. ಕೂತು ಓದಿದೆ, ನಿಂತು ಓದಿದೆ.

ಎಲ್ಸಾಗೆ ಬೇಸರವೇ ಇಲ್ಲ! ಇನ್ನೂರೈವತ್ತು ವರ್ಷದ ಹಿಂದೆ ಆ ದ್ವೀಪಗಳಲ್ಲಿ ನಡೆದದ್ದೇ ನಿನ್ನ ಕಣ್ಣೆದುರು ಮತ್ತೆ ನಡೆದಿದೆ ಎನ್ನುತ್ತಾಳೆ. “ನಮ್ಮ ಹತ್ತಿರ ತೆಗೆದುಕೊಂಡವರ ಡೈರಿಗಳು ರಾಶಿ ಇವೆ. ಕೊಟ್ಟವರ ಮಾತು ಒಂದೂ ಇಲ್ಲ. ಯಾಕೆ ಕೊಟ್ಟರು, ಯಾಕೆ ಮಾಡಿದರು, ಯಾರೂ ಕೇಳಲಿಲ್ಲ. ನೀನು ಕೇಳಬಹುದು.” ಹೊಸ ಕಲ್ಲಾದ್ದರಿಂದ ಕಾನೂನಿನ ತಕರಾರೂ ಇಲ್ಲ, ಮ್ಯೂಸಿಯಂಗೆ ಬೇಕಂತೆ. ಮಾಡಿದವರ ಜೊತೆ ವಿಡಿಯೋದಲ್ಲಿ ಮಾತಾಡಬೇಕಂತೆ. ಸಾಧ್ಯವಾದರೆ ಅವರನ್ನೇ ಕರೆಸುತ್ತಾರಂತೆ.

ಅವರನ್ನೇ.

ನಾನು? “ಅನುವಾದಕ್ಕೆ ನಿನ್ನ ಸಹಾಯ ಬೇಕು ಮೈ ಡಿಯರ್.”

ಮೂರು ವರ್ಷ ಬೆಳಗಿನ ಜಾವ ಎದ್ದು ನಾರಿನ ಎಳೆ ಎಣಿಸಿದವಳು ಬಾಗಿಲು ಕಾಯಬೇಕು. ಹದಿನೈದು ದಿನ ಮಷಿನ್ ತಿರುಗಿಸಿದವನು ಒಳಗೆ ಹೋಗುತ್ತಾನೆ. ಊಟ ಹಾಕಿದವಳಿಗೆ ಎಂಜಲೆಲೆ!

ಏಪ್ರಿಲ್ 20, ಸಂಜೆ 6

ಬರೆದುಬಿಡುತ್ತೇನೆ. ನಾಳೆಯ ಹೊತ್ತಿಗೆ ನಾನೇ ಬೇರೆ ಥರ ನೆನಪಿಟ್ಟುಕೊಂಡೇನು.

ಮೂರು ಗಂಟೆಗೆ ಕಾಲ್. ಅವರ ಊರಲ್ಲಿ ನೆಟ್‌ವರ್ಕ್ ಇಲ್ಲ ಎಂದು ನಮ್ಮ ಮನೆಗೇ ಕರೆದಿದ್ದೆ. ಬೈರ, ಗುತ್ಯಮ್ಮ ಬೆಳಿಗ್ಗೆಯ ಬಸ್ಸಿಗೇ ಬಂದರು. ನಾನು ಅಷ್ಟು ಬೈದವಳು, ಮುಖದಲ್ಲಿ ಅದರ ಗುರುತೇ ಇಲ್ಲ. ಗುತ್ಯಮ್ಮ ಬಂದವಳೇ ಅವ್ವನ ಪಕ್ಕ ಕೂತಳು. ಬೈರನಿಗೆ ಯುರೋಪಿಗೆ ಹೋಗುವ ಆಸೆ ಇಲ್ಲ. “ಇಮಾನ ಎಂತಕ್ಕೆ ಅಮ್ಮಾ? ಗದ್ದೆ ಕೆಲ್ಸ ಅದೆ.”

ಎಲ್ಸಾ ಕೇಳಿದಳು — ಈ ಕಲ್ಲನ್ನು ಯಾಕೆ ಮಾಡಿದಿರಿ?

ಬೈರ ಲ್ಯಾಪ್‌ಟಾಪಿಗೆ ಕೈಮುಗಿದು ಹೇಳಿದ:

“ದೊಡ್ಡ ಕಲ್ಲು ಕೊಡಕ್ಕೆ ಬರದಿಲ್ಲ ಅಮ್ಮಾ, ಅದು ಊರಿಂದು. ಇವ್ರು ಐದು ಸರ್ತಿ ಬಂದ್ರು, ಬಿಸ್ಲಲ್ಲಿ ನಡಕಂಡು. ಓದಕ್ಕೆ ಬೇಕು ಅಂದ್ರು. ಕಲ್ಲು ಓದಕ್ಕೆ ಯಾರು ಅಷ್ಟು ದೂರ ಬತ್ತಾರೆ? ಹೇಳಕ್ಕೆ ನಾಚ್ಕೆ ಅಂದ್ಕಂಡ್ವಿ. ನಮ್ಮನೇದು ಮೆಲ್ಲಗೆ ಕೇಳ್ತು. ಮಕ್ಳಿಲ್ಲ, ಗಂಡ ಬಿಟ್ಟಾನೆ ಅಂದ್ರಂತೆ. ನಮ್ಮ ಕಡೆ ಹೆಂಗಸ್ರು ಆ ಕಲ್ಲು ಹುಡುಕ್ಕಂಡು ಬರದು ಅದ್ಕೇ ಅಮ್ಮಾ. ದನಕ್ಕೂ ಆಗ್ತದೆ, ಮನ್ಷರಿಗೂ ಆಗ್ತದೆ. ಪಾಪ, ಆ ಹೆಂಗ್ಸಿಗೆ ಬರಿಗೈಲಿ ಕಳ್ಸದು ಹೆಂಗೆ ಅಂತು ಇವ್ಳು. ಅದ್ಕೆ ಹೊಳೆಯಿಂದ ಕರಿಕಲ್ಲು ತಂದು ಮರಿಕಲ್ಲು ಮಾಡ್ದೆ. ಅಜ್ಜನ ಕಾಲದಿಂದ್ಲೂ ಮಾಡದೇಯ. ಕೈಯಲ್ಲಿ ಉಜ್ಜಿದ್ರೆ ಮಳೆಗಾಲ ಮುಗೀತದೆ. ಇವ್ರಿಗೆ ವಯಸ್ಸು ಕಾಯದಿಲ್ವಲ, ಮಷಿನ್ ಹಿಡ್ದೆ. ಒಂಬತ್ತು ದಿನ ದೊಡ್ಡ ಕಲ್ಲಿನ ಮಗ್ಗಲಲ್ಲಿ ಇಟ್ಟು ಆಮೇಲೆ ಕೊಟ್ವಿ.”

ಗುತ್ಯಮ್ಮ ತಲೆಯಾಡಿಸಿದಳು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಎಲ್ಸಾ ಕಾಯುತ್ತಿದ್ದಾಳೆ. ಪರದೆಯಲ್ಲಿ ಅವಳ ಹಿಂದೆ ಇನ್ನೂ ಮೂವರು. ಪಾಪದ ಹೆಂಗಸು ಯಾರು ಎಂದು ನಾನೇ ನನ್ನ ಬಾಯಿಂದ ಇಂಗ್ಲಿಷಿನಲ್ಲಿ ಹೇಳಬೇಕು. ಗಂಡ ಬಿಟ್ಟವಳು, ಮಕ್ಕಳಾಗದವಳು, ದನ ಕುಡಿಯುವ ನೀರು ಕುಡಿದವಳು. ಮೂರು ವರ್ಷ ಆ ಮ್ಯೂಸಿಯಂನಲ್ಲಿ ನಾನೊಬ್ಬಳು ಸ್ಕಾಲರ್. ಅವರಿಗೆ ಅಷ್ಟೇ ಗೊತ್ತು ನನ್ನ ಬಗ್ಗೆ. ಅಷ್ಟೇ ಗೊತ್ತಿರಲಿ ಎಂದೇ ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗುತ್ತಿದ್ದೆ.

ಹೇಳಿದೆ: “ತಮ್ಮ ದೇವರ ಕಲ್ಲನ್ನು ಉಳಿಸಿಕೊಳ್ಳಲು ನನಗೆ ಮೋಸ ಮಾಡಿದೆವು ಎನ್ನುತ್ತಾರೆ. ನಾನು ಕೊಟ್ಟ ಮಷಿನ್ನಿನಿಂದಲೇ ನಕಲಿ ಮಾಡಿ ನನ್ನ ಕೈಗಿಟ್ಟರಂತೆ. ಅದರ ಬಗ್ಗೆ ಅವರಿಗೆ ಹೆಮ್ಮೆ ಇದೆ.”

ಎಲ್ಸಾ ಚಪ್ಪಾಳೆ ತಟ್ಟಿದಳು. ಹಿಂದಿನ ಮೂವರೂ ತಟ್ಟಿದರು. ಬೈರ ಸಂಕೋಚದಿಂದ ನಕ್ಕ.

“ಸರಿಯಾಗಿ ಹೇಳಿದ್ರಾ ಅಮ್ಮಾ?” ಅಂತ ಕೇಳಿದ.

“ಹೇಳಿದೆ.”

ಅವರು ಹೋದಮೇಲೆ ಅವ್ವ — “ಅಂವ ಅಷ್ಟ್ ಮಾತಾಡಿದ. ನೀ ಇಷ್ಟ ಹೇಳಿದಿ?”

“ಇಂಗ್ಲಿಷ್ ಸಣ್ಣ ಭಾಷೆ ಅವ್ವ” ಎಂದೆ.

“ಉಡಿ ತುಂಬಿಸ್ಕೊಂಡ್ ಬಂದ ದಿನಾನ ನಂಗ ತಿಳದಿತ್ತು. ನಿಂಗ್ಯಾಕ ತಿಳೀಲಿಲ್ಲೋ. ಅಷ್ಟ್ ಓದೀಯ” ಎಂದು ಒಳಗೆ ಹೋದಳು.

ಮೋಸ ಹೋದವಳು ಎನ್ನಿಸಿಕೊಳ್ಳಲು ಒಪ್ಪಿದ್ದೇನೆ. ಹಡಗಿನ ಸಾಹೇಬರೂ ಮೋಸ ಹೋಗಿದ್ದಾರೆ, ಅವರ ಸಾಲಿನಲ್ಲಿ ನಿಲ್ಲಬಹುದು. ಪಾಪ ಎನ್ನಿಸಿಕೊಂಡರೆ ಯಾವ ಸಾಲಿನಲ್ಲಿ ನಿಲ್ಲಬೇಕು?

ಮೇ 2

ಫೆಲೋಶಿಪ್ ನನಗೇ. ಸೆಪ್ಟೆಂಬರ್‌ನಿಂದ ಮೂರು ತಿಂಗಳು. ಬೈರ ಬರಲು ಒಪ್ಪದ್ದರಿಂದ “ಆ ಕಥೆ ಹೇಳಲು ನೀನೇ ಸರಿ.” ಕಲ್ಲನ್ನು ಕೊರಿಯರ್ ಮಾಡಿದೆ. ಗುತ್ಯಮ್ಮನ ಕೆಂಪು ಕಣದಲ್ಲೇ ಸುತ್ತಿದೆ, ಬೇರೆ ಬಟ್ಟೆ ಕೈಗೆ ಸಿಗಲಿಲ್ಲ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಅದರಲ್ಲಿ ನಗುತ್ತಿದ್ದೇನೆ, ಇನ್ನೊಮ್ಮೆ ತೆಗೆಸಬೇಕಂತೆ.

ಜೂನ್ 8

ಒಂದು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಸಂತೋಷವಾಗಿದ್ದೆ.

ಮ್ಯೂಸಿಯಂ ತನ್ನ ಪೇಜಿನಲ್ಲಿ ಕಲ್ಲಿನ ಫೋಟೋ ಹಾಕಿದೆ. “ಸಂಗ್ರಾಹಕಿಯನ್ನು ಜಾಣತನದಿಂದ ಮರುಳು ಮಾಡಿದ ನಿಲ್ಕುಂದದ ಬೈರ.” ಮಧುಕೇಶ್ವರ ಸರ್ ಕಣ್ಣಿಗೆ ಬಿತ್ತು. ಅವರಿಗೆ ಗೊತ್ತಿರುವ ಪತ್ರಕರ್ತರ ಕಣ್ಣಿಗೂ ಬಿತ್ತು. ಇವತ್ತು ಲೋಕಲ್ ಪೇಪರಿನ ಮೂರನೇ ಪುಟ: ‘ದೇವರ ಕಲ್ಲು ನಕಲಿ ಮಾಡಿ ವಿದೇಶಕ್ಕೆ! ನಿಲ್ಕುಂದದ ವ್ಯಕ್ತಿಯ ಕೈಚಳಕ.’ ಫೋಟೋ ಬೈರನದು. ವಿಡಿಯೋ ಕಾಲ್‌ನಿಂದ ತೆಗೆದು ಮ್ಯೂಸಿಯಂ ಪೇಜಿನಲ್ಲಿ ಹಾಕಿದ್ದದ್ದು, ಕೈಮುಗಿದಿದ್ದಾನೆ.

ನನ್ನ ಹೆಸರು ಎಲ್ಲೂ ಇಲ್ಲ. ‘ಓರ್ವ ಉಪನ್ಯಾಸಕಿ.’

ಜೂನ್ 15, ಮಧ್ಯಾಹ್ನ 2

ಕಾಲೇಜಿನಿಂದ ಬಂದಾಗ ಜಗಲಿಯಲ್ಲಿ ಒಂದು ಗೋಣಿಚೀಲ. ಒಳಗೆ ಗ್ರೈಂಡರ್. ಒರೆಸಿ, ವೈರ್ ಸುತ್ತಿ ಇಟ್ಟಿದೆ. ಮೂರು ಹೊಸ ಡಿಸ್ಕು, ಒಂದು ಸವೆದದ್ದು.

ಬೈರಣ್ಣ ಬಂದು ಹೋದನಂತೆ. ಒಳಗೆ ಬರಲಿಲ್ಲ, ನೀರು ಕುಡಿದ. ಅವ್ವನ ಬಾಯಿಂದ ಕೇಳಿದ್ದು: ಊರವರು ಸಭೆ ಸೇರಿ ದೊಡ್ಡ ಕಲ್ಲನ್ನು ಅವರ ಮನೆಯಿಂದ ತೆಗೆದರಂತೆ. ದೇವರನ್ನು ನಕಲಿ ಮಾಡಿ ಮಾರಿದವರ ಮನೆಯಲ್ಲಿ ಬೇಡ ಎಂದು. ನಾಲ್ಕು ತಲೆಮಾರಿನಿಂದ ಇತ್ತಂತೆ ಅಲ್ಲಿ. ಹೋದ ವಾರ ಪಕ್ಕದ ಮನೆಯ ಎಮ್ಮೆ ಕಷ್ಟಪಟ್ಟಾಗಲೂ ಗುತ್ಯಮ್ಮನನ್ನು ಕರೆಯಲಿಲ್ಲ.

“ಸಿಟ್ಟಿತ್ತೇನವ್ವ ಅವನಿಗೆ?”

“ಸಿಟ್ಟಿದ್ರ ಬೇಸಿತ್ತು” ಅಂದಳು. “ನಿಮ್ಮ ಮಗಳು ಹಂಗ್ಯಾಕ ಹೇಳಿದ್ರು, ನಾವು ಮೋಸ ಮಾಡಿದ್ವಿ ಅಂತ ಅವ್ರಿಗೆ ಇನ್ನೂ ಅನಸ್ತತೇನು, ಅಂತ ಕೇಳಿದ. ನಾ ನೀರಿನ ಚರಿಗಿ ಕೊಟ್ಟೆ. ಆಮ್ಯಾಲ ಮೆಟ್ಟಿಲ ಇಳದು ಹೊಳ್ಳಿ ಬಂದ. ನಮ್ಮನ್ಯಾಕಿ ಕೇಳು ಅಂದಾಳ, ಮಗಳಿಗೆ ಏನಾರ ವಿಶೇಷ ಆತೇನು ಅಂದ.”

ಊಟ ಮಾಡಲಿಲ್ಲ. ಅವ್ವನೂ ಬಡಿಸಲಿಲ್ಲ.

ಜೂನ್ 16

ಎಲ್ಸಾಗೆ ಮೇಲ್ ಬರೆದೆ. ಅಳಿಸಿದೆ.

ನಿಜ ಹೇಳಿದರೆ ಅನುವಾದ ತಿರುಚಿದವಳು ಎಂದಾಗುತ್ತದೆ. ತಿರುಚಿದವಳನ್ನು ಯಾವ ಮ್ಯೂಸಿಯಂ ತಾನೇ ಕಲ್ಲು ಮುಟ್ಟಲು ಬಿಟ್ಟೀತು. ಹೇಳದಿದ್ದರೆ ಸೆಪ್ಟೆಂಬರ್ ಇದೆ. ನೂರಾ ನಲವತ್ತೆರಡು ಇದೆ.

ಪೇಪರಿನ ಸುದ್ದಿಗೆ ನಾಲ್ಕೇ ದಿನ ಆಯಸ್ಸು. ಊರವರು ಮರೆಯುತ್ತಾರೆ.

ಜೂನ್ 19

ಮರೆಯುವುದಿಲ್ಲ. ಮರೆಯುವವರಾಗಿದ್ದರೆ ಆ ಕಲ್ಲು ಮೂರು ಸಾವಿರ ವರ್ಷ ಉಳಿಯುತ್ತಿತ್ತೇ.

ಜೂನ್ 22, ಬೆಳಿಗ್ಗೆ 6

ಮ್ಯೂಸಿಯಂನಿಂದ ಫಾರ್ಮ್ ಬಂದಿದೆ. ಕಲ್ಲನ್ನು ಕಾಯಂ ರಿಜಿಸ್ಟರಿಗೆ ಹತ್ತಿಸಲು. ನಾನು ತುಂಬಿ, ಅನುವಾದ ಯಥಾವತ್ತಾಗಿದೆ ಎಂದು ಸಹಿ ಹಾಕಬೇಕು. ಎಲ್ಸಾ ಖುಷಿಯಿಂದ ಬರೆದಿದ್ದಾಳೆ — ನಿನ್ನಿಂದಾಗಿ ಒಂದು ಹೊಸ ಕಾಲಂ ಸೇರಿಸಿದ್ದೇವೆ, ಇನ್ನು ಮುಂದೆ ಎಲ್ಲ ವಸ್ತುಗಳಿಗೂ ಇರುತ್ತದೆ.

ಅವ್ವ ಚಹಾ ತಂದಿಟ್ಟಳು. ಗ್ರೈಂಡರ್ ವಾಪಸ್ ಬಂದ ದಿನದಿಂದ ನನ್ನ ಜೊತೆ ಮಾತಿಲ್ಲ.

ತುಂಬುತ್ತಿದ್ದೇನೆ.

ವಸ್ತು: ಮರಿಕಲ್ಲು. ‘ನಕಲಿ’ ಎಂದಿತ್ತು, ಹೊಡೆದು ಹಾಕಿದೆ.

ಸ್ಥಳ: ನಿಲ್ಕುಂದ, ಸಿದ್ದಾಪುರ ತಾಲ್ಲೂಕು.

ಸಂಗ್ರಹಿಸಿದವರು: ಶಿಲ್ಪಾ. ಹುದ್ದೆ ಬರೆಯಲಿಲ್ಲ.

ಕೊಟ್ಟವರು: ಬೈರಣ್ಣ, ಗುತ್ಯಮ್ಮ.

ಹೊಸ ಕಾಲಂ ಇಲ್ಲಿದೆ. ಕೊಟ್ಟ ಕಾರಣ. ಎರಡೇ ಗೆರೆ ಜಾಗ. ಚಹಾ ಆರುತ್ತಿದೆ. ಮೊದಲು ಇಲ್ಲಿ ಕನ್ನಡದಲ್ಲಿ, ಅವರು ಹೇಳಿದ ಹಾಗೇ ಬರೆದುಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಫಾರ್ಮಿಗೆ ಹಾಕುತ್ತೇನೆ —

ಕೊಟ್ಟ ಕಾರಣ: ಪಾಪ, ಆ ಹೆಂಗ್ಸಿಗೆ ಬರಿಗೈಲಿ ಕಳ್ಸದು ಹೆಂಗೆ...